ಸೂಜಿ ಮಾಡಿದರೂ ಬ್ಯಾನಿ ಬರಲಿಲ್ಲವೇಕೆ?

ಯರಗಟ್ಟಿ ಕಡೆಯ ಬಸುರಿಯೊಬ್ಬಳು ಹೆರಿಗೆಗೆಂದು ಬೆಳಗಾವಿಗೆ ಹೊರಟರೆ ಅವಳ ಹಿಂದೆ ಒಂದು ಸಂಸಾರವೇ ಹೊರಡುತ್ತದೆ. ತಾಯಿ, ಅತ್ತೆ, ಗಂಡ, ಸೋದರಮಾವ, ರೊಟ್ಟಿಯ ಗಂಟು, ಹಾಸಿಗೆಯ ಸುರುಳಿ. ದವಾಖಾನೆಯ ವರಾಂಡದಲ್ಲಿ ಒಂದು ಕಂಬ ಹಿಡಿದು ಕುಳಿತರೆಂದರೆ ಕೂಸಿನ ಅಳು ಕೇಳುವವರೆಗೆ ಏಳುವುದಿಲ್ಲ. ಒಂದು ರಾತ್ರಿ ಕಳೆಯುತ್ತದೆ, ಎರಡನೆಯ ಹಗಲು ಏರುತ್ತದೆ. ಆಗ ಅತ್ತೆಯ ಸಹನೆ ಮುಗಿಯುತ್ತದೆ.

“ನರ್ಸಬಾಯಾರ, ನಿನ್ನಿ ಮುಂಜಾನಿಯಿಂದ ಗುಳಿಗಿ ಕೊಟ್ರಿ, ಸಲಾಯಿನ್ ಹಚ್ಚಿದ್ರಿ, ಅದರಾಗ ಸೂಜೀನೂ ಹಾಕಿದ್ರಿ. ಇನ್ನೂ ಬ್ಯಾನಿ ಯಾಕ ಬರವಲ್ವು?”

“ಬಾಯಿ ತೆರದಿಲ್ಲ ಅಜ್ಜೀ, ಇನ್ನಷ್ಟು ತಡೀಬೇಕು.”

ಸಂಜೆಗೆ ಆಪರೇಶನ್ನಿಗೆ ಸಹಿ ಕೇಳುತ್ತಾರೆ. ವರಾಂಡದಲ್ಲಿ ಮಾತು ಎರಡು ಕವಲೊಡೆಯುತ್ತದೆ. “ರೊಕ್ಕದ ಆಸೇಕ ಕೊಯ್ಯಾಕ ನಿಂತಾರ” ಎನ್ನುವವರು ಕೆಲವರು. “ಈಗಿನ ಹುಡುಗ್ಯಾರಿಗೆ ಬ್ಯಾನಿ ತಿನ್ನೂ ತಾಕತ್ತ ಇಲ್ಲ” ಎನ್ನುವವರು ಕೆಲವರು. ಮೊದಲಿನ ಮಾತು ವೈದ್ಯರನ್ನು ಕಟಕಟೆಗೆ ನಿಲ್ಲಿಸುತ್ತದೆ. ಎರಡನೆಯದು ಒಳಗೆ ಮಲಗಿರುವ ಬಡಪಾಯಿಯನ್ನೇ ತಪ್ಪಿತಸ್ಥೆ ಮಾಡುತ್ತದೆ. ಆದರೆ ಹೆಚ್ಚಿನ ಸಲ ಕಾರಣ ಇವೆರಡರಲ್ಲೂ ಇರುವುದಿಲ್ಲ. ಬ್ಯಾನಿ ತರಿಸುವ ಚಿಕಿತ್ಸೆ ಕೆಲವರಲ್ಲಿ ಫಲಿಸದೇ ಹೋಗುವುದುಂಟು. ಏಕೆ ಎಂಬುದನ್ನು ವರಾಂಡದಲ್ಲಿ ಕುಳಿತವರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಜಗಳದ ಬೇರು ಅಲ್ಲಿದೆ.

ಹದ ಬಾರದ ಹೊಲ

ಗರ್ಭಚೀಲದ ಬಾಯಿ ಒಂಬತ್ತು ತಿಂಗಳು ಬಿಗಿಯಾಗಿ ಮುಚ್ಚಿಕೊಂಡಿರುವ ಅಗಸಿ. ದಿನ ತುಂಬುತ್ತ ಬಂದಂತೆ ಅದು ತಾನಾಗಿ ಮೆತ್ತಗಾಗುತ್ತದೆ, ಗಿಡ್ಡಾಗುತ್ತದೆ, ಮುಂದಕ್ಕೆ ಬರುತ್ತದೆ. ಆ ಮೇಲೆ ಬ್ಯಾನಿಯ ಒತ್ತಡಕ್ಕೆ ತೆರೆಯುತ್ತದೆ. ಈ ಮೆತ್ತಗಾಗುವ ಕೆಲಸ ಮುಗಿಯುವ ಮೊದಲೇ ಬ್ಯಾನಿಯ ಸೂಜಿ ಚುಚ್ಚಿದರೆ ಏನಾದೀತು? ಹದ ಬಾರದ ಎರೆಹೊಲಕ್ಕೆ ಕೂರಿಗೆ ಹೂಡಿದಂತೆ. ಎತ್ತು ಎಷ್ಟೇ ಎಳೆದರೂ ಕೂರಿಗೆ ಇಳಿಯುವುದಿಲ್ಲ. ತಪ್ಪು ಎತ್ತಿನದೂ ಅಲ್ಲ, ಹೊಲದ್ದೂ ಅಲ್ಲ. ಹದ ಬಂದಿಲ್ಲ, ಅಷ್ಟೆ.

ಈ ಹದ ನೋಡುವ ಲೆಕ್ಕವನ್ನು 1964ರಲ್ಲಿ ಎಡ್ವರ್ಡ್ ಬಿಷಪ್ ಎಂಬ ಅಮೆರಿಕದ ವೈದ್ಯರು ಕೊಟ್ಟರು. ಬಾಯಿ ಎಷ್ಟು ತೆರೆದಿದೆ, ಎಷ್ಟು ಗಿಡ್ಡಾಗಿದೆ, ಗಟ್ಟಿ ಇದೆಯೋ ಮೆತ್ತಗಿದೆಯೋ, ಹಿಂದಿದೆಯೋ ಮುಂದಿದೆಯೋ, ಕೂಸಿನ ತಲೆ ಎಷ್ಟು ಇಳಿದಿದೆ ಎಂಬ ಐದು ಸಂಗತಿಗಳಿಗೆ ಅಂಕ ಕೊಟ್ಟು ಕೂಡಿಸುವುದು. ಒಟ್ಟು 13 ಅಂಕ. ಎಂಟಕ್ಕಿಂತ ಹೆಚ್ಚು ಬಂದರೆ ತಾನಾಗಿ ಬ್ಯಾನಿ ಬಂದವಳಷ್ಟೇ ಸಲೀಸಾಗಿ ಹೆರಿಗೆ ಆಗುವ ಸಂಭವ ಇದೆ. ಆರು ಅಥವಾ ಅದಕ್ಕಿಂತ ಕಡಿಮೆಯಾದರೆ ಮೊದಲು ಬಾಯಿಯನ್ನು ಮೆತ್ತಗೆ ಮಾಡಬೇಕು, ಆ ಮೇಲೆ ಬ್ಯಾನಿಯ ಸೂಜಿ. ಅರವತ್ತು ವರ್ಷ ಕಳೆದರೂ ಈ ಲೆಕ್ಕ ಬಳಕೆಯಲ್ಲಿದೆ. ಯಂತ್ರ ಬೇಕಿಲ್ಲ, ಕರೆಂಟ್ ಬೇಕಿಲ್ಲ. ಪಳಗಿದ ಎರಡು ಬೆರಳು ಸಾಕು.

ಮೆತ್ತಗೆ ಮಾಡಲು ಇಂದು ಎರಡು ಅಗ್ಗದ ದಾರಿಗಳಿವೆ. ಒಂದು ಮಿಸೊಪ್ರೊಸ್ಟಾಲ್ ಗುಳಿಗೆ. ಇನ್ನೊಂದು ಮೂತ್ರಕ್ಕೆ ಹಾಕುವ ಫೋಲಿ ನಳಿಗೆಯನ್ನು ಗರ್ಭಚೀಲದ ಬಾಯೊಳಗೆ ಸೇರಿಸಿ ಅದರ ಬಲೂನು ಉಬ್ಬಿಸುವುದು. ಇವೆರಡನ್ನೂ ಪಕ್ಕದ ಮಹಾರಾಷ್ಟ್ರದ ನಾಗಪುರದ ಸರ್ಕಾರಿ ದವಾಖಾನೆಗಳಲ್ಲಿ ರಕ್ತದೊತ್ತಡ ಏರಿದ್ದ 602 ಬಸುರಿಯರಲ್ಲಿ ಹೋಲಿಸಿ ನೋಡಿದರು. 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅದರ ವರದಿ ಬಂತು. ಗುಳಿಗೆ ಪಡೆದವರಲ್ಲಿ ನೂರಕ್ಕೆ 57 ಮಂದಿಗೆ, ನಳಿಗೆ ಹಾಕಿಸಿಕೊಂಡವರಲ್ಲಿ ನೂರಕ್ಕೆ 47 ಮಂದಿಗೆ 24 ಗಂಟೆಯೊಳಗೆ ಸಹಜ ಹೆರಿಗೆ ಆಯಿತು. ಉಳಿದವರಿಗೆ ಹೆಚ್ಚು ಹೊತ್ತು ಹಿಡಿಯಿತು, ಇಲ್ಲವೇ ಆಪರೇಶನ್ ಬೇಕಾಯಿತು. ಪಳಗಿದ ಕೈಗಳಲ್ಲಿ, ಕಣ್ಣಿಟ್ಟು ಕಾಯುವ ಜಾಗದಲ್ಲಿಯೂ ಲೆಕ್ಕ ಹೀಗಿದೆ. ಸೂಜಿ ಮಾಡಿದ ಕೂಡಲೇ ಕೂಸು ಬರಬೇಕೆಂಬ ವರಾಂಡದ ನಿರೀಕ್ಷೆ ಎಷ್ಟು ಹುಸಿ ಎಂಬುದಕ್ಕೆ ಇಷ್ಟು ಸಾಕು.

ಹುಣ್ಣಿಮೆಯ ಲೆಕ್ಕ

ಹದ ಬಾರದಿರಲು ಒಂದು ದೊಡ್ಡ ಕಾರಣ ದಿನದ ಲೆಕ್ಕ ತಪ್ಪುವುದು. ಈ ಭಾಗದಲ್ಲಿ ಮುಟ್ಟಿನ ತಾರೀಖು ಬರೆದಿಡುವವರು ಕಡಿಮೆ. “ಎಲ್ಲಮ್ಮನ ಬನದ ಹುಣ್ಣಿವಿ ಹಿಂದ-ಮುಂದ ಆಗಿದ್ದೆ ರೀ” ಎನ್ನುತ್ತಾಳೆ ಬಸುರಿ. ಆ ಲೆಕ್ಕದಲ್ಲಿ ಸೀಗಿ ಹುಣ್ಣಿಮೆಯ ಸುಮಾರಿಗೆ ಹೆರಿಗೆ. ಆದರೆ ‘ಹಿಂದ-ಮುಂದ’ ಎಂಬುದರಲ್ಲಿ ಹದಿನೈದು ದಿನ ಸುಲಭವಾಗಿ ಅಡಗಿ ಕೂಡುತ್ತವೆ. ದಿನ ಮೀರಿತೆಂದು ಸೂಜಿ ಮಾಡುತ್ತಾರೆ. ನಿಜದಲ್ಲಿ ಅವಳಿಗೆ ಇನ್ನೂ 39 ವಾರ. ಗರ್ಭಚೀಲ ತಯಾರಿರುವುದಿಲ್ಲ. ಬ್ಯಾನಿಯ ಔಷಧವನ್ನು ಹಿಡಿದುಕೊಳ್ಳುವ ಗ್ರಾಹಕಗಳು ಗರ್ಭಚೀಲದ ಸ್ನಾಯುವಿನಲ್ಲಿ ಹೆಚ್ಚುವುದು ದಿನ ತುಂಬುತ್ತ ಬಂದಾಗ. ಅವು ಸಾಲದಿದ್ದರೆ ಔಷಧ ಹನಿಯುತ್ತಲೇ ಇರುತ್ತದೆ, ಗರ್ಭಚೀಲ ಕಿವಿಗೊಡುವುದಿಲ್ಲ.

ಮೊದಲ ಮೂರು ತಿಂಗಳೊಳಗೆ ಮಾಡಿಸಿದ ಸ್ಕ್ಯಾನಿಂಗಿನಲ್ಲಿ ದಿನದ ಲೆಕ್ಕ ಹೆಚ್ಚೆಂದರೆ ಒಂದು ವಾರ ಆಚೀಚೆ ಆದೀತು. ಕೊನೆಯ ತಿಂಗಳಲ್ಲಿ ಮೊದಲ ಸಲ ಮಾಡಿಸಿದರೆ ಮೂರು ವಾರದವರೆಗೂ ತಪ್ಪಬಹುದು. “ಎಂಟರಾಗ ಒಮ್ಮೆ ಮಾಡಿಸಿದ್ರ ಸಾಕು” ಎಂಬ ಮನೆಯ ಮಾತು ಹೀಗೆ ಹೆರಿಗೆ ಕೋಣೆಯಲ್ಲಿ ದುಬಾರಿಯಾಗುತ್ತದೆ.

ಬೇರೆ ಕಾರಣಗಳೂ ಇವೆ. ಚೊಚ್ಚಲ ಹೆರಿಗೆಯಲ್ಲಿ ಬಾಯಿ ತೆರೆಯಲು ಹೆಚ್ಚು ಹೊತ್ತು ಬೇಕು. ಒಮ್ಮೆ ಹೆತ್ತವಳಲ್ಲಿ ಚಿಕಿತ್ಸೆ ಫಲಿಸುವುದು ಹೆಚ್ಚು. ತಾಯಿಯ ಮೈತೂಕ ಬಹಳ ಇದ್ದರೆ, ವಯಸ್ಸು ಏರಿದ್ದರೆ, ಕೂಸು ದೊಡ್ಡದಿದ್ದರೆ ಸೋಲುವ ಸಂಭವ ಏರುತ್ತದೆ. ರಕ್ತದೊತ್ತಡ ಏರಿದವಳಿಗೆ ದಿನ ತುಂಬುವ ಮುಂಚೆಯೇ ಹೆರಿಗೆ ಮಾಡಿಸಬೇಕಾಗಿ ಬರುವುದರಿಂದ ಅವಳಲ್ಲೂ ಕಷ್ಟ ಹೆಚ್ಚು. ಇವುಗಳಲ್ಲಿ ಒಂದೂ ಅವಳ ‘ತಾಕತ್ತಿ’ಗೆ ಸಂಬಂಧಿಸಿದ್ದಲ್ಲ ಎಂಬುದನ್ನು ಅತ್ತೆ ಮಾವಂದಿರು ಗಮನಿಸಬೇಕು.

ಇನ್ನೊಂದು ಮಾತು. ಸೂಜಿ ಮಾಡಿದ ಮೇಲೆ ಆದ ಆಪರೇಶನ್ನೆಲ್ಲ ‘ಸೂಜಿ ಫೇಲಾದದ್ದು’ ಅಲ್ಲ. ಕೂಸಿನ ಎದೆಬಡಿತ ಕುಸಿದರೆ ತಕ್ಷಣ ಕೊಯ್ಯಲೇಬೇಕು. ಬ್ಯಾನಿ ಚೆನ್ನಾಗಿ ಬಂದು, ಬಾಯಿ ಅರ್ಧಕ್ಕಿಂತ ಹೆಚ್ಚು ತೆರೆದು, ಕೂಸಿನ ತಲೆ ಓರೆಯಾಗಿಯೋ ಮುಖ ಮೇಲಾಗಿಯೋ ಸಿಕ್ಕಿಕೊಂಡರೆ ಅದು ಹೆರಿಗೆ ಅಡ್ಡಗಟ್ಟಿದ್ದು. ನಿಜವಾಗಿ ಫೇಲಾದದ್ದೆಂದರೆ ಹೊತ್ತು ಕೊಟ್ಟು, ಔಷಧ ಕೊಟ್ಟು, ನೀರಿನ ಚೀಲ ಒಡೆದು ಕಾದರೂ ಬಾಯಿ ತೆರೆಯದೇ ಉಳಿದದ್ದು. ಈ ಮೂರಕ್ಕೂ ವರಾಂಡದಲ್ಲಿ ಒಂದೇ ಹೆಸರು ಕೊಟ್ಟು ಬಯ್ಯುವುದಾಗುತ್ತಿದೆ.

ಅವಸರ ಯಾರದು?

ಕಾಯಬೇಕಾದ ಹೊತ್ತು ಎಷ್ಟು? ತಾಯಿ ಕೂಸು ಇಬ್ಬರೂ ಕ್ಷೇಮವಾಗಿದ್ದರೆ, ನೀರಿನ ಚೀಲ ಒಡೆದು ಸಲಾಯಿನ್‌ದಲ್ಲಿ ಆಕ್ಸಿಟೋಸಿನ್ ಹನಿಸಲು ಸುರು ಮಾಡಿದ ಮೇಲೆ ಕನಿಷ್ಠ 12ರಿಂದ 18 ಗಂಟೆ ಕಾಯದೇ ‘ಫೇಲಾಯಿತು’ ಎನ್ನಬಾರದೆಂದು ಅಮೆರಿಕದ ಪ್ರಸೂತಿ ತಜ್ಞರ ಸಂಘಗಳು 2014ರಲ್ಲಿ ಹೇಳಿದವು. ಬಾಯಿ ಮೆತ್ತಗೆ ಮಾಡುವ ಹೊತ್ತು ಇದರಲ್ಲಿ ಸೇರಿಲ್ಲ. ಅಂದರೆ ಎರಡು ದಿನ ಹಿಡಿದರೂ ಅದು ಅನ್ಯಾಯವೇನಲ್ಲ.

ಆದರೆ ಎರಡು ದಿನ ಕಾಯುವುದಕ್ಕೆ ಮಂಚ ಬೇಕು, ಗಳಿಗೆಗೊಮ್ಮೆ ಕೂಸಿನ ಎದೆಬಡಿತ ನೋಡುವ ನರ್ಸಬಾಯಿ ಬೇಕು, ರಾತ್ರಿ ಎರಡಕ್ಕೆ ಕರೆದರೂ ಬರುವ ಅರಿವಳಿಕೆ ವೈದ್ಯರು ಬೇಕು. ಇವಿಲ್ಲದ ಕಡೆ ಸಂಜೆ ಆರಕ್ಕೇ ಆಪರೇಶನ್ ಮುಗಿಸಿಬಿಡುವ ಆಸೆ ಬರುವುದು ಸಹಜ. ಮನೆಯವರ ಅವಸರವೂ ಕಡಿಮೆಯೇನಲ್ಲ. “ನಾಳಿ ಅಮಾಸಿ ಐತಿ, ಇವತ್ತ ಆಗ್ಲಿ ಬಿಡ್ರಿ” ಎಂದು ಒತ್ತಾಯಿಸಿ ಸೂಜಿ ಮಾಡಿಸುವವರು, ಆರು ತಾಸಿಗೆ ಬೇಸತ್ತು “ಕೊಯ್ದರ ಕೊಯ್ದು ಬಿಡ್ರಿ” ಎನ್ನುವವರು, ಆ ಮೇಲೆ “ಕೊಯ್ದರಲ್ಲಾ!” ಎಂದು ತಲೆ ಬಡಿದುಕೊಳ್ಳುವವರು ಬಹಳ ಸಲ ಒಂದೇ ಮನೆಯವರು.

ಕರ್ನಾಟಕದಲ್ಲಿ ನೂರು ಹೆರಿಗೆಗಳಲ್ಲಿ 97 ಈಗ ದವಾಖಾನೆಯಲ್ಲಿ ಆಗುತ್ತವೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಸೂಲಗಿತ್ತಿಯ ಕಾಲದಿಂದ ಇಲ್ಲಿಗೆ ಬಂದದ್ದು ದೊಡ್ಡ ಮುನ್ನಡೆ. ಅದೇ ಸಮೀಕ್ಷೆಯಲ್ಲಿ ಸಿಜೇರಿಯನ್ ನೂರಕ್ಕೆ 31.5. ಅದರ ಹಿಂದಿನ, 2015-16ರ ಸಮೀಕ್ಷೆಯಲ್ಲಿ 23.6 ಇತ್ತು. ಖಾಸಗಿ ದವಾಖಾನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೆರಿಗೆ ಕೊಯ್ದೇ ಆಗಿವೆ. ಸರ್ಕಾರಿ ದವಾಖಾನೆಗಳಲ್ಲಿ ಕಾಲುಭಾಗಕ್ಕಿಂತ ಕಡಿಮೆ. ಜನರ ಸಂಶಯ ಪೂರಾ ಗಾಳಿಗೋಪುರವಲ್ಲ.

ಹಾಗೆಂದು ಸೂಜಿಯನ್ನೇ ಬೈಯುವುದೂ ಸರಿಯಲ್ಲ. 2018ರಲ್ಲಿ ಅಮೆರಿಕದಲ್ಲಿ 6,106 ಚೊಚ್ಚಲ ಬಸುರಿಯರ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. 39ನೇ ವಾರದಲ್ಲಿ ಬ್ಯಾನಿ ತರಿಸಿದವರಲ್ಲಿ ಸಿಜೇರಿಯನ್ ನೂರಕ್ಕೆ 18.6, ಕಾದವರಲ್ಲಿ 22.2. ಅಂದರೆ ಸರಿಯಾದ ದಿನದ ಲೆಕ್ಕ, ಹದ ಮಾಡುವ ಔಷಧ, ಕಾಯುವ ತಾಳ್ಮೆ ಮೂರೂ ಇದ್ದ ಕಡೆ ಸೂಜಿಯಿಂದ ಆಪರೇಶನ್ ಹೆಚ್ಚಲಿಲ್ಲ, ಕಡಿಮೆಯಾಯಿತು. ಆ ಮೂರೂ ಇಲ್ಲದ ಕಡೆ ಈ ಅಂಕಿ ತೋರಿಸಿ 39ಕ್ಕೇ ಎಲ್ಲರಿಗೂ ಸೂಜಿ ಎನ್ನುವುದು ಮಾತ್ರ ಅವಿವೇಕ. ತೊಂದರೆ ಇಲ್ಲದ ಬಸುರಿಗೆ 41 ವಾರಕ್ಕಿಂತ ಮುಂಚೆ ಬ್ಯಾನಿ ತರಿಸುವುದು ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ರಕ್ತದೊತ್ತಡ ಏರಿದ್ದರೆ, ನೀರು ಹೋಗಿಯೂ ಬ್ಯಾನಿ ಬಾರದಿದ್ದರೆ, ಕೂಸು ಹೊಟ್ಟೆಯಲ್ಲಿ ಬೆಳೆಯದಿದ್ದರೆ, 41 ವಾರ ದಾಟಿದರೆ ಮಾತ್ರ ಕಾಯುತ್ತ ಕೂಡುವುದೇ ಅಪಾಯ. ಆಗ ಸೂಜಿ ಬೇಡವೆಂದು ಹಟ ಹಿಡಿಯುವುದು ಕೂಸಿನ ಜೀವಕ್ಕೆ ಎರವಾದೀತು.

ಒಂದೇ ಗುಳಿಗೆ, ಎರಡು ಗುಣ

ಬೆಳಗಾವಿ ಜಿಲ್ಲೆಗೂ ಈ ಔಷಧಗಳಿಗೂ ಹಳೆಯ ನಂಟಿದೆ. 2002ರಿಂದ 2005ರವರೆಗೆ ಈ ಜಿಲ್ಲೆಯ ಹಳ್ಳಿಗಳಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ವೈದ್ಯರೊಂದಿಗೆ ಕೂಡಿ 1,620 ಬಾಣಂತಿಯರಲ್ಲಿ ಒಂದು ಪರೀಕ್ಷೆ ನಡೆಸಿದರು. ಕೂಸು ಹುಟ್ಟಿದ ಕೂಡಲೇ ಅರ್ಧ ಮಂದಿಗೆ 600 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್ ನುಂಗಿಸಿದರು. ನುಂಗಿಸಿದವರು ಹಳ್ಳಿಯ ನರ್ಸಬಾಯಿಗಳೇ. ಹೆರಿಗೆಯ ನಂತರದ ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ ಇದನ್ನು ಪ್ರಕಟಿಸಿತು. ಬೆಳಗಾವಿಯ ಹಳ್ಳಿಯ ಹೆಂಗಸರಿಂದ ಜಗತ್ತು ಕಲಿತ ಪಾಠವಿದು.

ಆದರೆ ಅದೇ ಗುಳಿಗೆಯನ್ನು ಬ್ಯಾನಿ ತರಿಸಲು ಕೊಡುವಾಗ ಅಳತೆ 25 ಮೈಕ್ರೋಗ್ರಾಂ, ಎರಡು ತಾಸಿಗೊಮ್ಮೆ. ಅಂದರೆ ಆ ಅಳತೆಯ ಇಪ್ಪತ್ನಾಲ್ಕನೇ ಒಂದು ಪಾಲು! ಕೂಸು ಹೊರಬಂದ ಮೇಲೆ ಜೀವ ಉಳಿಸುವ ಅಳತೆ ಕೂಸು ಒಳಗಿರುವಾಗ ಗರ್ಭಚೀಲವನ್ನೇ ಹರಿಯಬಲ್ಲದು. 200 ಮೈಕ್ರೋಗ್ರಾಮಿನ ಗುಳಿಗೆಯನ್ನು ಬ್ಲೇಡಿನಿಂದ ಎಂಟು ಚೂರು ಮಾಡಿದರೆ ಚೂರುಗಳು ಸಮ ಬರುವುದಿಲ್ಲ. ಮೊದಲೊಮ್ಮೆ ಸಿಜೇರಿಯನ್ ಆದವಳಿಗೆ ಬ್ಯಾನಿ ತರಿಸಲು ಈ ಗುಳಿಗೆ ಕೊಡಲೇಬಾರದು. ಹಳೆಯ ಹೊಲಿಗೆ ಬಿಚ್ಚೀತು. ಹಿಂದಿನ ಹೆರಿಗೆಯ ಚೀಟಿ ಮನೆಯ ಪೆಟ್ಟಿಗೆಯಲ್ಲಿ ಉಳಿದರೆ ಪ್ರಯೋಜನವಿಲ್ಲ. ಬಸುರಿಯ ಸಂಗಡ ಬರಬೇಕು.

ಆಕ್ಸಿಟೋಸಿನ್ ಕಥೆ ಇನ್ನೂ ವಿಚಿತ್ರ. ಅಮೆರಿಕದ ವಿನ್ಸೆಂಟ್ ಡು ವಿಗ್ನೊ 1953ರಲ್ಲಿ ಪ್ರಯೋಗಶಾಲೆಯಲ್ಲಿ ತಯಾರಿಸಿ 1955ರಲ್ಲಿ ನೊಬೆಲ್ ಪಡೆದ ಔಷಧವಿದು. ಇಲ್ಲಿ ಅದು ಬಹಳ ಮಂದಿಗೆ ಗೊತ್ತಿರುವುದು ‘ಎಮ್ಮಿಗೆ ಹಾಲು ಇಳಸೂ ಸೂಜಿ’ ಎಂದು. ಈ ದುರುಪಯೋಗ ತಡೆಯಲೆಂದು 2018ರಲ್ಲಿ ಕೇಂದ್ರ ಸರ್ಕಾರ ಖಾಸಗಿ ತಯಾರಿಕೆಯನ್ನು ನಿಲ್ಲಿಸಿ, ಬೆಂಗಳೂರಿನ ಸರ್ಕಾರಿ ಕಂಪನಿಯಾದ ಕರ್ನಾಟಕ ಆಂಟಿಬಯೋಟಿಕ್ಸ್ ಆ್ಯಂಡ್ ಫಾರ್ಮಾಸ್ಯೂಟಿಕಲ್ಸ್ ಒಂದಕ್ಕೇ ಅಧಿಕಾರ ಕೊಡಹೊರಟಿತ್ತು. ಬಾಣಂತಿಯರಿಗೆ ಔಷಧದ ಕೊರತೆ ಬಿದ್ದೀತೆಂಬ ವಾದ ಕೇಳಿದ ದಿಲ್ಲಿ ಹೈಕೋರ್ಟು ಅದೇ ಡಿಸೆಂಬರಿನಲ್ಲಿ ಆ ಆಜ್ಞೆಯನ್ನು ರದ್ದು ಮಾಡಿತು.

ಈ ಔಷಧ ಕೆಡದಿರಲು 2ರಿಂದ 8 ಡಿಗ್ರಿ ತಂಪು ಬೇಕು. ಏಪ್ರಿಲ್ ಬಿಸಿಲಿನಲ್ಲಿ ಕಪಾಟಿನಲ್ಲಿಟ್ಟ ಆಂಪುಲ್, ಕರೆಂಟ್ ಹೋಗಿ ಅರ್ಧ ದಿನ ಬೆವರಿದ ಫ್ರಿಜ್ಜು — ಇವು ಔಷಧದ ಕಸುವನ್ನು ಮೆಲ್ಲಗೆ ತಿನ್ನುತ್ತವೆ. ಆಗ ಬ್ಯಾನಿ ಬಾರದಿದ್ದರೆ ಫೇಲಾದದ್ದು ಬಸುರಿಯೋ, ಫ್ರಿಜ್ಜೋ?

ಬಾಗಿಲ ಹಿಂದಿನ ಸೂಜಿ

ಎಲ್ಲಕ್ಕಿಂತ ಅಂಜಿಕೆಯ ಸಂಗತಿ ಇನ್ನೊಂದು. ಆಪರೇಶನ್ ಕೋಣೆ ಇಲ್ಲದ, ರಕ್ತ ಇಲ್ಲದ ಕಡೆ, ಕೆಲವು ಸಲ ಮನೆಯಲ್ಲಿಯೇ, “ಬ್ಯಾನಿ ಜೋರ ಆಗ್ಲಿ” ಎಂದು ಸ್ನಾಯುವಿಗೆ ನೇರ ಚುಚ್ಚುವ ಸೂಜಿ. ಸಲಾಯಿನ್‌ದಲ್ಲಿ ಹನಿಹನಿಯಾಗಿ ಕೊಟ್ಟರೆ, ಹೆಚ್ಚಾಯಿತೆಂದು ಕಂಡಾಗ ನಿಲ್ಲಿಸಬಹುದು. ಒಮ್ಮೆ ಮೈಗೆ ಚುಚ್ಚಿದ್ದನ್ನು ಹೊರಗೆ ತೆಗೆಯಲಾಗದು. ಬಾಯಿ ತೆರೆಯದ ಗರ್ಭಚೀಲ ಬಿಡುವಿಲ್ಲದೆ ಹಿಂಡಿದರೆ ಕೂಸಿಗೆ ಉಸಿರು ಸಿಗದು. ಗರ್ಭಚೀಲ ಹರಿದರೆ ತಾಯಿಯೂ ಉಳಿಯುವುದು ಕಷ್ಟ. ಇಲ್ಲಿ ಸೂಜಿ ಫಲಿಸದೇ ಹೋಗುವುದಕ್ಕಿಂತ ತಪ್ಪಾಗಿ ಫಲಿಸುವುದೇ ಹೆಚ್ಚು ಘಾತಕ. ಬ್ಯಾನಿ ತರಿಸುವ ಚಿಕಿತ್ಸೆ ಸುರು ಮಾಡುವ ಜಾಗದಲ್ಲಿ ಸಿಜೇರಿಯನ್ ಮಾಡುವ ಸೌಕರ್ಯ ಇರಬೇಕು, ಇಲ್ಲವೇ ಸಕಾಲಕ್ಕೆ ಅಲ್ಲಿಗೆ ಮುಟ್ಟಿಸುವಂತಿರಬೇಕು. ಯರಗಟ್ಟಿಯಿಂದ ಬೆಳಗಾವಿ ಸುಮಾರು ಅರವತ್ತು ಕಿಲೋಮೀಟರು. 108ರ ಗಾಡಿ 2008ರಿಂದ ಇದೆ, ನಿಜ. ಆದರೆ ಗರ್ಭಚೀಲ ಹರಿದವಳಿಗೆ ನೇಸರಗಿ ದಾಟುವಷ್ಟರಲ್ಲಿಯೇ ಹೊತ್ತು ಮೀರಬಹುದು.

ಆಪರೇಶನ್ ಎಂದರೆ ಜನ ಅಂಜುವುದಕ್ಕೂ ಕಾರಣವಿದೆ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ದವಾಖಾನೆಯಲ್ಲಿ ಸಿಜೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಸಲಾಯಿನ್‌ದ ಗುಣಮಟ್ಟದ ಮೇಲೆಯೇ ಸಂಶಯ ಬಿದ್ದು, ಸರ್ಕಾರ ಅದರ ಬಳಕೆ ನಿಲ್ಲಿಸಿತು. ಆ ಸುದ್ದಿ ಓದಿದ ಮನೆಯವರು ಸಹಿ ಹಾಕುವಾಗ ಕೈ ನಡುಗಿದರೆ ಅವರನ್ನು ಅಡಾಣಿಗಳೆನ್ನಲಾಗದು. ಮೊದಲ ಹೊಟ್ಟೆಯ ಮೇಲಿನ ಹೊಲಿಗೆ ಎರಡನೆಯ, ಮೂರನೆಯ ಬಸುರಿಗೂ ತೊಡಕು ತರುತ್ತದೆ. ಬೇಕಾದಾಗ ಜೀವ ಉಳಿಸುವ ಕತ್ತಿ ಬೇಡದಾಗ ಬಾರದಿರಲಿ ಎಂಬುದು ನ್ಯಾಯವಾದ ಬೇಡಿಕೆ.

ಆಗಬೇಕಾದದ್ದು

ಸವದತ್ತಿಯಿಂದ ಬೇರೆಯಾಗಿ ಯರಗಟ್ಟಿಗೆ ತಾಲೂಕಿನ ಪಟ್ಟ ಬಂತು. ಕಚೇರಿಯ ಬೋರ್ಡು ಬದಲಾದರೆ ಬಸುರಿಯ ದಾರಿ ಗಿಡ್ಡಾಗುವುದಿಲ್ಲ. ಪ್ರಸೂತಿ ವೈದ್ಯರು, ಅರಿವಳಿಕೆ ವೈದ್ಯರು, ಮಕ್ಕಳ ವೈದ್ಯರು ಮೂವರೂ ಒಂದೇ ಜಾಗದಲ್ಲಿ, ಹಗಲೂ ರಾತ್ರಿಯೂ ಸಿಗುವಂತಾದರೆ ಮಾತ್ರ ಅದಕ್ಕೆ ತಾಲೂಕು ದವಾಖಾನೆ ಎಂಬ ಹೆಸರು ಒಪ್ಪೀತು. ಮೂವರಲ್ಲಿ ಒಬ್ಬರು ಇಲ್ಲದಿದ್ದರೂ ಉಳಿದಿಬ್ಬರು ‘ಬೆಳಗಾವಿಗೆ ಒಯ್ಯಿರಿ’ ಎಂದು ಚೀಟಿ ಬರೆಯುವವರಾಗುತ್ತಾರೆ. ರಕ್ತದ ಸಂಗ್ರಹವೂ ಅಲ್ಲೇ ಇರಬೇಕು.

ಕೆಲವು ಕೆಲಸಗಳಿಗೆ ರೊಕ್ಕವೇನೂ ಬೇಕಿಲ್ಲ. ಬಸುರಾದ ಮೊದಲ ತಿಂಗಳುಗಳಲ್ಲಿಯೇ ಆಶಾ ಕಾರ್ಯಕರ್ತೆ ಮುಟ್ಟಿನ ತಾರೀಖನ್ನು ತಾಯಿ ಕಾರ್ಡಿನಲ್ಲಿ ಬರೆಯಿಸಲಿ. ಮೊದಲ ಸ್ಕ್ಯಾನಿಂಗ್ ತಡವಾಗದಿರಲಿ. ಬ್ಯಾನಿ ತರಿಸುವ ಮೊದಲು ಏಕೆ ತರಿಸುತ್ತಿದ್ದೇವೆ, ಗರ್ಭಚೀಲದ ಬಾಯಿಗೆ ಎಷ್ಟು ಅಂಕ ಬಂದಿದೆ ಎಂಬುದನ್ನು ಚೀಟಿಯಲ್ಲಿ ಬರೆಯಲಿ. “ಎರಡು ದಿನ ಹಿಡಿಯಬಹುದು, ಆಗದಿದ್ದರೆ ಆಪರೇಶನ್ ಬೇಕಾಗಬಹುದು” ಎಂದು ಸುರುವಿನಲ್ಲಿಯೇ ಮನೆಯವರನ್ನು ಕೂಡಿಸಿ ಕನ್ನಡದಲ್ಲಿ ಹೇಳಲಿ. ಹತ್ತು ನಿಮಿಷದ ಮಾತು ಎರಡು ದಿನದ ಜಗಳ ತಪ್ಪಿಸುತ್ತದೆ. ಔಷಧದ ಫ್ರಿಜ್ಜಿನ ಉಷ್ಣತೆಯನ್ನು ದಿನಕ್ಕೆರಡು ಸಲ ಬರೆದಿಡಲಿ.

ಮನೆಯವರ ಪಾಲೂ ಇದೆ. ಅಮಾವಾಸ್ಯೆಗೆ ಅಂಜಿ ಸೂಜಿ ಕೇಳುವುದು ಬೇಡ. ಬೇಕೆಂದು ವೈದ್ಯರು ಹೇಳಿದಾಗ ಕಾರಣ ಕೇಳಬೇಕು, ಕೇಳಿದ ಮೇಲೆ ತಡೆಯಬೇಕು. ಮನೆಗೆ ಬಂದು ಚುಚ್ಚುವವರಿಗೆ ಬಾಗಿಲು ತೆರೆಯಬಾರದು.

ಎರಡು ದಿನ ಸೂಜಿ ಗುಳಿಗೆ ತಿಂದು, ಕೊನೆಗೆ ಹೊಟ್ಟೆ ಕೊಯ್ಯಿಸಿಕೊಂಡು, ಎಚ್ಚರ ಬಂದಾಗ “ನಿನ್ನ ಕೈಲೆ ಆಗಲಿಲ್ಲ ನೋಡು” ಎಂಬ ಮಾತು ಕೇಳುವ ಹುಡುಗಿಯ ಸ್ಥಿತಿಯನ್ನು ಒಮ್ಮೆ ನೆನೆಯಬೇಕು. ಸೋತವಳು ಅವಳಲ್ಲ. ತಪ್ಪಿದ್ದು ದಿನದ ಲೆಕ್ಕವೋ, ಬಾರದಿದ್ದದ್ದು ಹದವೋ, ಕೆಟ್ಟಿದ್ದದ್ದು ಔಷಧವೋ, ಇಲ್ಲದಿದ್ದದ್ದು ತಾಳ್ಮೆಯೋ ಎಂಬುದನ್ನು ಪ್ರತಿ ಸಲವೂ ಬರೆದಿಟ್ಟು ನೋಡುವ ಕ್ರಮವನ್ನು ಜಿಲ್ಲಾ ಆರೋಗ್ಯಾಧಿಕಾರಿಗಳು ಸುರು ಮಾಡುವರೇ? ಯರಗಟ್ಟಿಯ ತಾಲೂಕಿನ ಬೋರ್ಡಿನ ಕೆಳಗೆ ಒಂದು ರಾತ್ರಿಯ ದೀಪವೂ, ಒಬ್ಬ ಎಚ್ಚರಿರುವ ವೈದ್ಯರೂ ಸಿಗುವಂತೆ ಆರಿಸಿ ಬಂದವರು ನೋಡಿಕೊಳ್ಳುವರೇ? ವರಾಂಡದಲ್ಲಿ ಕಂಬ ಹಿಡಿದು ಕುಳಿತವರಿಗೆ ಉತ್ತರ ಬೇಕಾಗಿದೆ.